ಷರಾ

ನಗರಸಭೆಯ ವಹಿಯಲ್ಲಿ ಐದು ಅಂಕಣ:
ತಾರೀಖು, ಬೀದಿ, ಚದರ ಮೀಟರು, ಡಬ್ಬಿ,
ಕೊನೆಗೆ ಷರಾ.
ಷರಾ ಖಾಲಿ ಬಿಡು ಓಸ್ಮರೀನೊ, ಅಂದಿದ್ದ ಮೇಸ್ತ್ರಿ,
ಗೋಡೆಗೆ ಬೂದು ಬಳಿಯುವವನಿಗೆ
ಹೇಳುವುದೇನಿರುತ್ತದೆ?

ಹನ್ನೊಂದು ವರ್ಷ, ಸಾವೊ ಪೌಲೊ ಮಲಗಿದ ಮೇಲೆ
(ಅದು ಮಲಗುವುದಿಲ್ಲ, ಮಗ್ಗುಲು ಬದಲಿಸುತ್ತದೆ ಅಷ್ಟೆ)
ಕ್ಲಿಯೊನೀಸಿ ಟ್ಯಾಂಕರು ನಿಲ್ಲಿಸುತ್ತಾಳೆ,
ನಾನು ಕೊಳವೆ ಹಿಡಿಯುತ್ತೇನೆ.
ಮೇಲ್ಸೇತುವೆಯ ಕಂಬ, ಸುರಂಗದ ಬಾಯಿ, ಶಾಲೆಯ ಹಿಂಗೋಡೆ.
ಯಾರೋ ನಿದ್ದೆಗೆಟ್ಟು ಬಿಡಿಸಿದ್ದನ್ನು
ನಾನೂ ನಿದ್ದೆಗೆಟ್ಟೇ ಅಳಿಸಿದೆ.
ನಮ್ಮ ನಡುವೆ ಅಷ್ಟಾದರೂ ಸಮ.

ಮೊದಲ ವರ್ಷ ಷರಾ ಖಾಲಿಯೇ ಇತ್ತು.
ಆಮೇಲೊಂದು ರಾತ್ರಿ, ಬ್ರಾಸ್ ನಿಲ್ದಾಣದ ಹಿಂದೆ,
ಕೊಡೆ ಹಿಡಿದ ತಿಮಿಂಗಿಲ. ಕೊಡೆಯೊಳಗೆ ಮಳೆ.
ಅಳಿಸಿ ಬಂದವನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.
ಬರೆದೆ: "ತಿಮಿಂಗಿಲ ಒಂದು. ಕೊಡೆ ಸಹಿತ."

ಅಲ್ಲಿಂದ ಚಾಳಿಯಾಯಿತು.
"ಮೂರು ಕಣ್ಣಿನ ಬೇಕರಿಯವನು. ಒಂದು ಕಣ್ಣು ನಗುತ್ತಿತ್ತು."
"ಹೆಸರುಗಳು, ನಲವತ್ತು. ಒಂದರ ಮುಂದೆ ಶಿಲುಬೆ."
"ಐಲ್ಡಾ, ಮರಳಿ ಬಾ. ಅಕ್ಷರ ತಪ್ಪು."
"ಹಳದಿ. ಬರೀ ಹಳದಿ. ಅರ್ಧ ಗಂಟೆ ನಿಂತೆ."

ಮೆಟ್ರೋ ಬಾಗಿಲಲ್ಲಿ ಬೆಳಗಿನ ಐದಕ್ಕೇ
ಫ್ಲಾಸ್ಕಿನ ಕಾಫಿ, ಜೋಳದ ಕೇಕು ಮಾರುವ ಜೊಸೆಲೀನ
ವಹಿಯೊಳಗೆ ಬಗ್ಗಿ ಕೇಳುತ್ತಾಳೆ:
"ನಿನ್ನೆ ಯಾರು ತೀರಿಕೊಂಡರು?"
ಹೌದಲ್ಲ.
ಕೊಂದವನ ಜೇಬಿನಲ್ಲೇ ಇದೆ
ತಿಥಿಯ ತಾರೀಖು.

ಬಿಷೀಗಾದ ತಗ್ಗಿನಲ್ಲಿ ಒಂದು ಗೋಡೆ ಮಾತ್ರ
ನನ್ನನ್ನು ಏಳು ಸಲ ಕರೆಸಿತು.
ಏಳು ಸಲವೂ ಅದೇ: ಮಂಡಿಯೂರಿದ ಕಪ್ಪು ಹೆಂಗಸು,
ಕೈಯಲ್ಲಿ ಹಿಂಡುತ್ತಿರುವ ಯಾರದೋ ಬಿಳಿ ಅಂಗಿ,
ಅಂಗಿಯಿಂದ ಸುರಿದ ನೀರು
ಗೋಡೆ ಇಳಿದು, ಕಾಲುಹಾದಿ ದಾಟಿ,
ನಡುರಸ್ತೆಯ ಕಬ್ಬಿಣದ ಮುಚ್ಚಳದವರೆಗೂ
ಒಂದೇ ನೀಲಿ ಗೆರೆ.

ಏಳನೆಯ ಸಲ ಎದುರುಮನೆಯ ಜುಲೇಯಿಡಿ ಬಂದಳು,
ರಾತ್ರಿ ಮೂರಕ್ಕೆ, ಕೈಯಲ್ಲಿ ಪೊರಕೆ.
ಬೈಯುತ್ತಾಳೆ ಅಂದುಕೊಂಡೆ.
"ಬಸ್ಸು ನಿಂತಿದೆ. ಈಗ ಕಿವಿಯಿಡು," ಅಂದಳು,
ಪೊರಕೆಯಲ್ಲಿ ಮುಚ್ಚಳ ಗುಡಿಸಿ.
ಇಟ್ಟೆ. ಕಬ್ಬಿಣ ತಣ್ಣಗಿತ್ತು.
ಮೊದಲು ನನ್ನದೇ ರಕ್ತದ ಸದ್ದು. ಆಮೇಲೆ
ಅದರ ಕೆಳಗೆ, ಅವಸರವಿಲ್ಲದ
ಇನ್ನೊಂದು.

"ಸರಕೂರಾ," ಅಂದಳು,
ಮನೆಯ ಹಿರಿಯರನ್ನು ಪರಿಚಯಿಸುವ ಹಾಗೆ.
"ಹೊಳೆ. ಹೆಸರು ನೀರುಹಕ್ಕಿಯದ್ದು.
ತಪ್ಪಿಸಿಕೊಂಡು ಬಂದ ಗುಲಾಮರು ಇದರ ದಂಡೆಯ ಪೊದೆಯಲ್ಲಿ
ಉಸಿರು ಹಿಡಿದು ಕೂತಿದ್ದರು.
ನನ್ನ ಮುತ್ತಜ್ಜಿ ಊರವರ ಅಂಗಿ ಒಗೆದಳು.
ಆಮೇಲೆ ಅವಳ ಮೇಲೆ, ಹೊಳೆಯ ಮೇಲೆ, ರಸ್ತೆ ಬಳಿದರು.
ನೀನೇನು ಮೊದಲನೆಯವನಲ್ಲ, ಬಿಡು.
ಬಿಡಿಸುವುದು ನನ್ನ ಮೊಮ್ಮಗಳು ತೈನಾರಾ.
ನೀನು ಬಳಿ. ಕೂಲಿ ಕಳಕೋಬೇಡ.
ಬೂದು ಒಣಗಿದ ಮೇಲೆ ಗೋಡೆ ನುಣ್ಣಗಿರುತ್ತೆ,
ಅವಳಿಗೂ ಅದೇ ಬೇಕು."

ಬಳಿದೆ.
ಹಾಗೇ ಬಿಟ್ಟುಬಂದೆ ಅಂದಿದ್ದರೆ
ಕೇಳಲು ಚೆನ್ನಾಗಿರುತ್ತಿತ್ತು. ಬಳಿದೆ.
ಮೂಲೆಯಲ್ಲೊಂದು ಚಕ್ಕೆ ಎದ್ದಿತ್ತು, ಉಗುರಲ್ಲಿ ಕಿತ್ತೆ:
ಬೂದು, ನೀಲಿ, ಬೂದು, ನೀಲಿ, ಬೂದು.
ಆ ಹುಡುಗಿಯದೂ ನನ್ನದೂ ಅಷ್ಟು ರಾತ್ರಿಗಳು ಸೇರಿ
ಒಂದು ಕಾಸಿನಷ್ಟು ದಪ್ಪ.
ಜೇಬಿಗಿಳಿಸಿದೆ. ಕ್ಲಿಯೊನೀಸಿ
ಕಂಡೂ ಕಾಣದವಳಂತೆ ಗಾಡಿ ತಿರುಗಿಸಿದಳು.

ಜನವರಿ. ಮಳೆ ಹಗಲೇ ಕತ್ತಲೆ ತಂದಿತು.
ಬಿಷೀಗಾದ ಮುಚ್ಚಳಗಳು ಮೊದಲು ಕುಲುಕಿದವು, ಆಮೇಲೆ
ಒಂದೊಂದೇ ಎದ್ದು ನಿಂತವು.
ಬಸ್ಸುಗಳು ಸೊಂಟದವರೆಗೆ ನೀರಲ್ಲಿ.
ರೇಡಿಯೋ ಪ್ರವಾಹ ಅಂತು.
ಜುಲೇಯಿಡಿ ಮಹಡಿಯ ಕಿಟಕಿಯಿಂದ ಕೂಗಿದಳು:
"ದಾರಿ ಮರೆತಿಲ್ಲ ನೋಡು ಮುದುಕಿ!"

ವಹಿ ಒದ್ದೆಯಾಗಿತ್ತು, ಪೆನ್ನು ಕಚ್ಚುತ್ತಿರಲಿಲ್ಲ.
ತಾರೀಖು ಬರೆದೆ.
ಬೀದಿ: ಹೆಸರು ಹೊಡೆದುಹಾಕಿ, ಹೊಳೆಯದ್ದು.
ಚದರ ಮೀಟರು: ಅಳತೆಗೆ ಸಿಗಲಿಲ್ಲ.
ಡಬ್ಬಿ: ಸೊನ್ನೆ.
ಷರಾ ಖಾಲಿ ಬಿಟ್ಟೆ.